350 ಸಿಸಿ ಕ್ರೂಸರ್ ಬೈಕ್: ಕೊಳ್ಳುವ ದಿನದಿಂದ ಘಟ್ಟ ಇಳಿಯುವವರೆಗೆ

ನನ್ನ ಬೈಕ್ ಮೊದಲ ಸಲ ಬಿದ್ದದ್ದು ನಿಂತ ಜಾಗದಲ್ಲಿ. ಚನ್ನರಾಯಪಟ್ಟಣದ ಹತ್ತಿರ ಎಳನೀರು ಕುಡಿಯೋಣವೆಂದು ಟಾರು ರಸ್ತೆಯ ಅಂಚಿಗೆ ಇಳಿಸಿದ್ದೆ. ಎಡಗಾಲು ಊರಲು ಹೋದರೆ ಅಲ್ಲಿ ನೆಲ ಒಂದು ಗೇಣು ತಗ್ಗಿತ್ತು. ಕಾಲಿಗೆ ನೆಲ ಸಿಗುವಷ್ಟರಲ್ಲಿ ಗಾಡಿ ವಾಲಿಯಾಗಿತ್ತು. ಒಮ್ಮೆ ವಾಲಿದ 191 ಕೆ.ಜಿ.ಯನ್ನು ಒಂದು ಕಾಲು ತಡೆಯಲಾರದು. ಎಳನೀರಿನವರೂ ನಾನೂ ಸೇರಿ ಎತ್ತಿದೆವು. ಕ್ಲಚ್ ಲಿವರಿನ ತುದಿ ಮುರಿದಿತ್ತು. ಅಂದಿನಿಂದ, ಕ್ರೂಸರ್ (ತಗ್ಗಿನ ಸೀಟಿನಲ್ಲಿ ಕಾಲು ತುಸು ಮುಂದಿಟ್ಟು ಆರಾಮಾಗಿ ದೂರ ಹೋಗುವ ಭಾರದ ಬೈಕ್) ತೆಗೆದುಕೊಳ್ಳಲೇ ಎಂದು ಕೇಳಿದವರಿಗೆಲ್ಲ ಮೊದಲು ಇದನ್ನು ಹೇಳುತ್ತೇನೆ: ಈ ಗಾಡಿಯನ್ನು ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಿಸಲು ಒಂದು ವಾರ ಸಾಕು, 8 ಕಿ.ಮೀ. ವೇಗದಲ್ಲಿ ಓಡಿಸಲು ಮೂರು ತಿಂಗಳು ಬೇಕು.

ಈ ಬರಹದಲ್ಲಿ ನಾನು ಉದಾಹರಣೆಗೆ ಹಿಡಿದಿರುವುದು ನನ್ನ ಬಳಿ ಇರುವ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಬೈಕನ್ನು. 2020ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದದ್ದು. ಬೇರೆ ಕಂಪನಿಯ ಇದೇ ಗಾತ್ರದ ಕ್ರೂಸರ್ ಇದ್ದರೂ ಇಲ್ಲಿ ಹೇಳುವ ಬಹುಪಾಲು ಮಾತು ಅದಕ್ಕೂ ಹೊಂದುತ್ತದೆ.

ನಿಮಗೆ ಇದು ಬೇಕೇ?

ಮೀಟಿಯರ್‌ನದು 349 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್. ಶಕ್ತಿ 20.2 ಅಶ್ವಶಕ್ತಿ. ಅಂಕಿ ನೋಡಿದರೆ 160 ಸಿಸಿಯ ಚುರುಕಾದ ಬೈಕಿಗಿಂತ ಬಹಳ ಹೆಚ್ಚೇನೂ ಅಲ್ಲ. ಆದರೆ ಎಳೆಯುವ ಬಲ 27 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 4,000 ಸುತ್ತಿನಲ್ಲೇ ಪೂರ್ತಿ ಸಿಗುತ್ತದೆ. ಎಂಜಿನ್ ಕಿರುಚಿಸದೆ, ಪದೇಪದೇ ಗಿಯರ್ ಬದಲಿಸದೆ, ಎತ್ತಿನ ಗಾಡಿಯ ಹದದಲ್ಲಿ ಎಳೆದುಕೊಂಡು ಹೋಗುವ ಗುಣ ಅದರದು. 75ರಿಂದ 90 ಕಿ.ಮೀ. ವೇಗದಲ್ಲಿ ದಿನವಿಡೀ ಓಡುತ್ತದೆ. 110 ಬೇಕು ಎಂದು ಹಟ ಹಿಡಿದರೆ ಕೈ, ಕಾಲು, ಎಂಜಿನ್ ಮೂರೂ ನಡುಗುತ್ತವೆ. ಆ ವೇಗ ಬೇಕಾದವರು ಈ ಗಾಡಿ ಕೊಂಡು ಬೈದುಕೊಳ್ಳಬಾರದು.

ದಿನವೂ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಕಚೇರಿಗೆ ಹೋಗುವವರಿಗೆ, ವರ್ಷಕ್ಕೆ ಎರಡೇ ಸಲ ಊರ ಹೊರಗೆ ಹೋಗುವವರಿಗೆ ನಾನು ಇದನ್ನು ಹೇಳುವುದಿಲ್ಲ. 110 ಕೆ.ಜಿ. ಆಸುಪಾಸಿನ 100 ಸಿಸಿ ಬೈಕಿನಲ್ಲಿ ಕಾಲಿನಿಂದ ಒದ್ದು ಸಂದಿಯಲ್ಲಿ ನುಸುಳುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ವಾರಕ್ಕೊಮ್ಮೆಯಾದರೂ ನೂರು ಕಿ.ಮೀ. ತೆರೆದ ರಸ್ತೆ ಸಿಗುವವರಿಗೆ ಮಾತ್ರ ಈ ಗಾಡಿ ತನ್ನ ಬೆಲೆ ತೀರಿಸುತ್ತದೆ.

ಮೊದಲ ಹೆಜ್ಜೆ: ಎಂಜಿನ್ ಆರಿಸಿ ಹಿಂದಕ್ಕೆ ತಳ್ಳಿ

ಶೋರೂಮಿನಲ್ಲಿ ಎಲ್ಲರೂ ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿದು ಕನ್ನಡಿ ನೋಡಿ ಇಳಿಯುತ್ತಾರೆ. ಅದರಿಂದ ತಿಳಿಯುವುದು ಕಡಿಮೆ. ಸೀಟಿನ ಎತ್ತರ 765 ಮಿ.ಮೀ. ಮಾತ್ರ, ಇದೇ ಎಂಜಿನ್ನಿನ ಕ್ಲಾಸಿಕ್‌ನದು 805. ಹಾಗಾಗಿ ಐದಡಿ ಎರಡಂಗುಲದವರಿಗೂ ಕಾಲು ನೆಲಕ್ಕೆ ಸಿಗುತ್ತದೆ. ನೋಡಬೇಕಾದದ್ದು ಹಿಮ್ಮಡಿ ಊರುತ್ತದೆಯೇ ಎಂಬುದನ್ನು. ಬೆರಳ ತುದಿ ಮಾತ್ರ ತಾಗಿದರೆ ಸಮತಟ್ಟಾದ ನೆಲದಲ್ಲಿ ನಡೆದೀತು, ಇಳಿಜಾರಿನಲ್ಲಿ ನಡೆಯದು.

ಆಮೇಲೆ ಕೂತಲ್ಲಿಂದಲೇ, ಎಂಜಿನ್ ಆರಿಸಿ, ಕಾಲಿನಿಂದ ಹತ್ತಡಿ ಹಿಂದಕ್ಕೆ ತಳ್ಳಿ. ಇಳಿದು ಪಕ್ಕದಲ್ಲಿ ನಿಂತು ಇನ್ನೊಂದು ಹತ್ತಡಿ ತಳ್ಳಿ. ನಿಮ್ಮ ಮನೆಯ ಗೇಟಿನ ಮುಂದೆ ದಿನವೂ ಮಾಡಬೇಕಾದ ಕೆಲಸ ಇದೇ. ಮನೆಯ ಇಳಿಜಾರು ಕಡಿದಾಗಿದ್ದರೆ, ನೀವು ಒಬ್ಬರೇ ಈ ಗಾಡಿಯನ್ನು ಅಲ್ಲಿಂದ ಹೊರತೆಗೆಯಬಲ್ಲಿರಾ ಎಂದು ಮನೆಯಲ್ಲೇ ನಿಂತು ಲೆಕ್ಕ ಹಾಕಿ.

ಪರೀಕ್ಷಾ ಸವಾರಿಗೆ ಅರ್ಧ ಗಂಟೆ ಕೇಳಿ. ಹಿಂದೆ ಕೂರುವವರನ್ನು ಕರೆದುಕೊಂಡು ಹೋಗಿ. ಸವಾರನ ಸೀಟು ಅಗಲ, ಹಿಂದಿನದು ಕಿರಿದು. ದೂರದ ಪ್ರಯಾಣದಲ್ಲಿ ಜಗಳ ಹುಟ್ಟುವುದು ಅಲ್ಲಿಯೇ. ಹಂಪು, ಗುಂಡಿ ಇರುವ ರಸ್ತೆಯಲ್ಲೇ ಓಡಿಸಿ ನೋಡಿ.

ಎರಡನೆಯ ಹೆಜ್ಜೆ: ದುಡ್ಡು ಮತ್ತು ಕಾಗದ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಶೇ 18 ಜಿಎಸ್‌ಟಿ, ಅದಕ್ಕಿಂತ ದೊಡ್ಡದಕ್ಕೆ ಶೇ 40. 349 ಸಿಸಿ ಮತ್ತು 400 ಸಿಸಿ ನಡುವೆ ತೂಗಾಡುವವರು ಇದನ್ನು ಮೊದಲು ನೋಡಬೇಕು. ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿ ಮೀರಿದ ದ್ವಿಚಕ್ರ ವಾಹನಕ್ಕೆ ಶೇ 18 ಜೀವಿತಾವಧಿ ತೆರಿಗೆ ಇದೆ, ಅದರ ಮೇಲೆ ಸೆಸ್. ಆದ್ದರಿಂದ ಎಕ್ಸ್ ಶೋರೂಂ ಬೆಲೆ ನೋಡಿ ಸಾಲ ಲೆಕ್ಕ ಹಾಕಬೇಡಿ. ಹೊಸ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಐದು ವರ್ಷದ್ದು ಕಡ್ಡಾಯ. ಆದರೆ ನಿಮ್ಮ ಗಾಡಿಯ ಹಾನಿಗೆ ಸಿಗುವ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಐದು ವರ್ಷ ಇದೆಯಲ್ಲ ಎಂದು ಎರಡನೆಯ ವರ್ಷ ನವೀಕರಿಸದೆ, ಅಪಘಾತವಾದ ಮೇಲೆ ಕೈಯಿಂದ ದುಡ್ಡು ಸುರಿದವರನ್ನು ನೋಡಿದ್ದೇನೆ.

ಹಳೆಯ ಗಾಡಿ ಕೊಳ್ಳುವವರು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುತ್ತೇನೆ ಎಂದು ಹೇಳಿ ಬನ್ನಿ. ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಚಕ್ರದ) ಹಲ್ಲು ಗರಗಸದಂತೆ ಒಂದೇ ಕಡೆಗೆ ಬಾಗಿದ್ದರೆ ಚೈನ್ ಸೆಟ್ಟಿನ ಖರ್ಚು ನಿಮ್ಮ ತಲೆಗೆ. ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ಲನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ. ನಡುವೆ ಎಲ್ಲೋ ಕಚ್ಚಿ ಹಿಡಿದಂತಾದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಲಿವರಿನ ತುದಿ, ಲೆಗ್ ಗಾರ್ಡಿನ ಹೊರ ಅಂಚು, ಸೈಲೆನ್ಸರಿನ ಕೆಳಭಾಗ ಈ ಮೂರನ್ನು ಬೆರಳಿನಿಂದ ಸವರಿ ನೋಡಿ. ಬಿದ್ದ ಗಾಡಿ ಅಲ್ಲೆಲ್ಲ ಗುರುತು ಉಳಿಸಿಕೊಂಡಿರುತ್ತದೆ.

ಎಂಜಿನ್, ಚಾಸಿ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡಿ. ಮಾಲೀಕತ್ವ ಬದಲಿಸಲು ನಮೂನೆ 29 ಮತ್ತು 30, ಸಾಲ ತೀರಿದ್ದರೆ ಬ್ಯಾಂಕಿನ ಸಹಿ ಇರುವ ನಮೂನೆ 35, ಹೊರರಾಜ್ಯದ ಗಾಡಿಯಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಓಡಿಸುವುದಾದರೆ ಇಲ್ಲಿನ ನೋಂದಣಿ ಆಗಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಹೊರರಾಜ್ಯದ ಗಾಡಿ ಅಗ್ಗ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಬಾಕಿ ಇರುವ ದಂಡವನ್ನು ಹಳೆಯ ಮಾಲೀಕರೇ ಕಟ್ಟಿದ ಮೇಲೆ ಹಣ ಕೊಡಿ.

ಮೂರನೆಯ ಹೆಜ್ಜೆ: ಗಾಡಿಯನ್ನು ಮೈಗೆ ಹೊಂದಿಸಿ

ಇದಕ್ಕೆ ಒಂದು ಗಂಟೆ ಕೊಡಿ. ಸೀಟಿನ ಮೇಲೆ ಕೂತು, ಕಣ್ಣು ಮುಚ್ಚಿ, ಕೈಗಳನ್ನು ಹಿಡಿಗಳ ಮೇಲಿಟ್ಟು ಬೆರಳು ಚಾಚಿ. ಮಣಿಕಟ್ಟು ಮೇಲಕ್ಕೆ ಮಡಚದೆ ಲಿವರ್ ಸಿಗಬೇಕು. ಸಿಗದಿದ್ದರೆ ಲಿವರಿನ ಹಿಡಿತ ಸಡಿಲಿಸಿ ಕೆಳಗೆ ತಿರುಗಿಸಿಕೊಳ್ಳಿ. ಹಿಂದಿನ ಬ್ರೇಕಿನ ಪೆಡಲ್ ಪಾದದ ಅಡಿಯಲ್ಲೇ ಇರಬೇಕು, ಕಾಲೆತ್ತಿ ಹುಡುಕುವಂತಿರಬಾರದು. ಗಿಯರಿಗೆ ಮುಂದೆ ಹಿಂದೆ ಎರಡು ತುಳಿಗೆ ಇರುತ್ತವೆ. ಮೇಲಿನ ಗಿಯರಿಗೆ ಹಿಮ್ಮಡಿಯಿಂದ ತುಳಿಯುವುದನ್ನು ಕಲಿತರೆ ಶೂ ಸವೆಯುವುದಿಲ್ಲ, ಕಾಲೂ ದಣಿಯುವುದಿಲ್ಲ.

ಮೊದಲ 500 ಕಿ.ಮೀ. ಆತುರ ಬೇಡ. ಪೂರ್ತಿ ಆಕ್ಸಿಲರೇಟರ್ ತಿರುವಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಲೂ ಬೇಡಿ. ವೇಗ ಏರಿಳಿಯುತ್ತಿರಲಿ. ಹೊಸ ಟೈರ್ ಕೂಡ ಜಾರುತ್ತದೆ. ಮೊದಲ ನೂರಿನ್ನೂರು ಕಿ.ಮೀ. ತಿರುವಿನಲ್ಲಿ ಬಗ್ಗಿಸಬೇಡಿ. 500ಕ್ಕೆ ಮೊದಲ ಸರ್ವಿಸ್. ಆಗ ಬರುವ ಹಳೆಯ ಆಯಿಲನ್ನು ಮುಂದೆ ನಿಂತು ನೋಡಿ. ನನ್ನ ಗಾಡಿಯ ಆಯಿಲ್ ಬದಲಿಸಿದ್ದೇವೆ ಎಂದು ಒಂದು ಸರ್ವಿಸ್ ಕೇಂದ್ರದವರು ಬಿಲ್ ಕೊಟ್ಟಿದ್ದರು. ಮನೆಗೆ ಬಂದು ಆಯಿಲ್ ಕಿಂಡಿ ನೋಡಿದರೆ ಒಳಗೆ ಕಪ್ಪು ಆಯಿಲೇ ಇತ್ತು. ಅಂದಿನಿಂದ ಆಯಿಲ್ ಬದಲಿಸುವ ಹೊತ್ತಿನಲ್ಲಿ ನಾನು ಪಕ್ಕದಲ್ಲೇ ಇರುತ್ತೇನೆ.

ನಾಲ್ಕನೆಯ ಹೆಜ್ಜೆ: ನಿಧಾನ

ಇದೇ ಈ ಬರಹದ ತಿರುಳು. ಭಾನುವಾರ ಬೆಳಿಗ್ಗೆ ಆರಕ್ಕೆ ಒಂದು ಶಾಲೆಯ ಮೈದಾನವೋ ಖಾಲಿ ಬಡಾವಣೆಯ ರಸ್ತೆಯೋ ಹುಡುಕಿಕೊಳ್ಳಿ. ಗುರುತಿಗೆ ಅರ್ಧ ತುಂಬಿದ ನೀರಿನ ಬಾಟಲಿ ನಾಲ್ಕು ಸಾಕು. ಹೀಗೆ ಎಂಟು ಭಾನುವಾರ.

ಮೊದಲು ನೇರ ಗೆರೆ. ಮೊದಲ ಗಿಯರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬನ್ನಿ. ಗಾಡಿ ಎಲ್ಲಿ ಮುಂದಕ್ಕೆ ಮಿಸುಕುತ್ತದೋ ಆ ಜಾಗದಲ್ಲಿ ಬೆರಳನ್ನು ನಿಲ್ಲಿಸಿ. ಅದೇ ಹಾಫ್ ಕ್ಲಚ್. ಆಕ್ಸಿಲರೇಟರ್ ಸ್ವಲ್ಪ ಹಿಡಿದು, ಹಿಂದಿನ ಬ್ರೇಕನ್ನು ಮೊಟ್ಟೆಯ ಮೇಲೆ ಕಾಲಿಟ್ಟಷ್ಟು ಹಗುರಾಗಿ ಒತ್ತಿ, ಪಕ್ಕದಲ್ಲಿ ನಡೆಯುವವರಿಗಿಂತ ನಿಧಾನವಾಗಿ ಹೋಗಿ. ಕ್ಲಚ್ ತಟ್ಟೆ ಸವೆಯುತ್ತದಲ್ಲ ಎಂದು ಹೆದರಬೇಡಿ. ಅದು ಆಯಿಲಿನಲ್ಲಿ ಮುಳುಗಿರುತ್ತದೆ. ಹತ್ತು ನಿಮಿಷ ಅಭ್ಯಾಸ, ಐದು ನಿಮಿಷ ವಿಶ್ರಾಂತಿ ಎಂದಿಟ್ಟುಕೊಂಡರೆ ಸಾಕು. ಎಂಜಿನ್ ಎಳೆಯುತ್ತಿರುವಾಗ ಬ್ರೇಕ್ ಹಿಡಿಯುವುದರಿಂದ ಗಾಡಿ ಬಿಗಿಯಾದ ಹಗ್ಗದಂತೆ ನೆಟ್ಟಗೆ ನಿಲ್ಲುತ್ತದೆ.

ಅದು ಬಂದ ಮೇಲೆ ಯು ತಿರುವು. ಬಾಟಲಿಗಳನ್ನು ಇಪ್ಪತ್ತೈದು ಅಡಿ ಅಂತರದಲ್ಲಿಟ್ಟು ಅವುಗಳ ನಡುವೆ ತಿರುಗಿ. ಎರಡು ನಿಯಮ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಬಾರದು. ಮುಟ್ಟಿದ ಕ್ಷಣ ಗಾಡಿ ಆ ಕಡೆಗೆ ಕುಸಿಯುತ್ತದೆ. ಎರಡನೆಯದು, ಗದ್ದವನ್ನು ಹೆಗಲಿಗೆ ತಾಗಿಸಿ ನೀವು ಹೋಗಿ ಸೇರಬೇಕಾದ ಜಾಗವನ್ನೇ ನೋಡಬೇಕು. ಮುಂದಿನ ಚಕ್ರವನ್ನು ನೋಡಿದರೆ ಚಕ್ರದ ಬುಡಕ್ಕೇ ಬೀಳುತ್ತೀರಿ. ನನಗೆ ಇದು ಆರನೆಯ ಭಾನುವಾರ ಕೈಗೆ ಹತ್ತಿತು. ಅದುವರೆಗೆ ಪ್ರತಿ ಸಲವೂ ಕಾಲು ಊರುತ್ತಿದ್ದೆ.

ಕೊನೆಗೆ ಬ್ರೇಕ್. 40 ಕಿ.ಮೀ. ವೇಗದಿಂದ ಎರಡೂ ಬ್ರೇಕ್ ಹಿಡಿದು ನಿಲ್ಲಿಸಿ. ಮುಂದಿನದನ್ನು ಹಿಂಡಬೇಕು, ಕಿತ್ತುಕೊಳ್ಳಬಾರದು. ಒಮ್ಮೆಯಾದರೂ ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು ಜೋರಾಗಿ ಹಿಡಿಯಿರಿ. ಲಿವರ್ ಬೆರಳಿನ ಕೆಳಗೆ ಟಕಟಕ ನಡುಗುತ್ತದೆ. ಆ ನಡುಕ ಮೊದಲ ಸಲ ಲಾರಿಯ ಹಿಂದೆ ಅನುಭವಕ್ಕೆ ಬಂದರೆ ಹೆದರಿ ಬ್ರೇಕ್ ಬಿಡುತ್ತೀರಿ, ಮೈದಾನದಲ್ಲೇ ಪರಿಚಯವಾಗಲಿ.

ಬಿದ್ದ ಗಾಡಿಯನ್ನು ಎತ್ತುವುದನ್ನೂ ಇಲ್ಲಿಯೇ ಕಲಿಯಬೇಕು. ಹುಲ್ಲಿನ ಮೇಲೆ, ಜೊತೆಗೆ ಒಬ್ಬರನ್ನು ಇಟ್ಟುಕೊಂಡು ಮೆಲ್ಲಗೆ ಮಲಗಿಸಿ. ಮೊದಲು ಎಂಜಿನ್ ಆರಿಸಿ, ಗಿಯರಿನಲ್ಲಿಡಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಎಳೆದಿಡಿ, ಎತ್ತಿದ ರಭಸಕ್ಕೆ ಆ ಕಡೆಗೆ ಮಗುಚುವುದು ತಪ್ಪುತ್ತದೆ. ಹ್ಯಾಂಡಲ್ಲನ್ನು ಬಿದ್ದ ಕಡೆಗೆ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಸೊಂಟದ ಕೆಳಭಾಗ ಒತ್ತಿ ಕುಕ್ಕರಗಾಲಿನಲ್ಲಿ ಕೂರಿ. ಒಂದು ಕೈಯಲ್ಲಿ ಕೆಳಗಿರುವ ಹಿಡಿ, ಇನ್ನೊಂದರಲ್ಲಿ ಹಿಂಬದಿಯ ಕಬ್ಬಿಣದ ಹಿಡಿಕೆ. ಬೆನ್ನು ನೆಟ್ಟಗಿಟ್ಟು, ತೊಡೆಯ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಏಳಿ. ಗಾಡಿ ನಿಮ್ಮೊಂದಿಗೆ ಏಳುತ್ತದೆ. ಮುಂದಕ್ಕೆ ಬಗ್ಗಿ ತೋಳಿನಿಂದ ಎಳೆದು ಸೊಂಟ ಹಿಡಿಸಿಕೊಂಡವರು ನನ್ನ ಬಳಗದಲ್ಲೇ ಇಬ್ಬರಿದ್ದಾರೆ.

ರಸ್ತೆಗೆ ಇಳಿದ ಮೇಲೆ

ಕ್ರೂಸರಿನಲ್ಲಿ ಕಾಲು ತುಸು ಮುಂದಕ್ಕಿರುತ್ತದೆ. ಸಾಮಾನ್ಯ ಬೈಕಿನಲ್ಲಿ ಗುಂಡಿ ಕಂಡಾಗ ಕಾಲಿನ ಮೇಲೆ ಅರ್ಧ ಏಳುವುದು ಸುಲಭ. ಇಲ್ಲಿ ಕಷ್ಟ, ಏಟು ನೇರ ಬೆನ್ನುಹುರಿಗೆ. ಆದ್ದರಿಂದ ಊರು ಬರುವ ಮೊದಲೇ ವೇಗ ಇಳಿಸಿ. ನಮ್ಮಲ್ಲಿ ಊರಿನ ಮೊದಲ ಮನೆಗಿಂತ ಮುಂಚೆಯೇ ಬಣ್ಣ ಬಳಿಯದ ಹಂಪು ಇರುತ್ತದೆ.

ಡಿಸೆಂಬರ್, ಜನವರಿಯಲ್ಲಿ ಹಾಸನ, ತುಮಕೂರು, ಮಂಡ್ಯದ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಹುರುಳಿ ಸೊಪ್ಪಿನ ಅಡಿಯಲ್ಲಿ ಕಾಳು ಗುಂಡುಗಳಂತೆ ಉರುಳುತ್ತದೆ. ಅದರ ಮೇಲೆ ಬ್ರೇಕ್ ಹಿಡಿದರೂ ಕೆಟ್ಟಿತು, ಹ್ಯಾಂಡಲ್ ತಿರುಗಿಸಿದರೂ ಕೆಟ್ಟಿತು. ಮೊದಲೇ ವೇಗ ತಗ್ಗಿಸಿ, ಎರಡನೆಯ ಗಿಯರಿನಲ್ಲಿ, ಆಕ್ಸಿಲರೇಟರ್ ಅಲುಗಿಸದೆ ನೆಟ್ಟಗೆ ದಾಟಿ. ಕಬ್ಬಿನ ಸೀಮೆಯಲ್ಲಿ ಸಂಜೆಯಾದ ಮೇಲೆ ಹಿಂದೀಪ ಇಲ್ಲದ ಟ್ರ್ಯಾಕ್ಟರ್ ಎದುರಾಗುತ್ತದೆ. ಕಬ್ಬಿನ ತುದಿ ಟ್ರೈಲರಿನಿಂದ ನಾಲ್ಕಡಿ ಹೊರಗೆ ಚಾಚಿರುತ್ತದೆ. ಕತ್ತಲಾದ ಮೇಲೆ ಆ ರಸ್ತೆಗಳಲ್ಲಿ ನಾನು ಹೋಗುವುದಿಲ್ಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಬಂಡೀಪುರದ ಮೂಲಕ ವಯನಾಡಿಗೆ ಹೋಗುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆಂದು ನೆನಪಿಟ್ಟುಕೊಂಡೇ ಹೊರಡಬೇಕು.

ಘಟ್ಟ

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಮೈದಾನದ ಪಾಠವೆಲ್ಲ ಒಟ್ಟಿಗೆ ಕೆಲಸಕ್ಕೆ ಬರುತ್ತದೆ. ಹತ್ತುವಾಗ ಯಾವ ಗಿಯರ್ ಬೇಕೋ ಇಳಿಯುವಾಗಲೂ ಅದೇ ಗಿಯರ್ ಎಂದು ಹಿರಿಯ ಚಾಲಕರು ಹೇಳುವುದು ಈ ಗಾಡಿಗೂ ಸಲ್ಲುತ್ತದೆ. ಎರಡನೆಯ ಗಿಯರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕನ್ನು ಇಡೀ ಘಟ್ಟಕ್ಕೆ ಒತ್ತಿಕೊಂಡೇ ಇಳಿದರೆ ಡಿಸ್ಕ್ ಕಾದು ಹಿಡಿತ ಸಡಿಲವಾಗುತ್ತದೆ. ಎಂಜಿನ್ ಆರಿಸಿ ಪೆಟ್ರೋಲ್ ಉಳಿಸುವವರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ. ಸ್ನೇಹಿತರಾದರೆ ನಿಲ್ಲಿಸಿ ಬೇಡವೆಂದು ಹೇಳುತ್ತೇನೆ.

ತಿರುವಿಗೆ ಮೊದಲು ವೇಗ ಇಳಿಸಿ, ತಿರುವಿನಲ್ಲಿ ಸ್ವಲ್ಪವೇ ಆಕ್ಸಿಲರೇಟರ್ ಕೊಡುತ್ತಾ ಹೋಗಿ. ಈ ಗಾಡಿ ಹೆಚ್ಚು ಬಗ್ಗುವುದಿಲ್ಲ. ಕಾಲಿಡುವ ಪೆಗ್ ನೆಲಕ್ಕೆ ಕೆರೆದ ಸದ್ದು ಬಂದರೆ ನಿಮ್ಮ ವೇಗ ಹೆಚ್ಚಾಯಿತೆಂದೇ ಅರ್ಥ. ಕೆಳಗಿನಿಂದ ಬಸ್ಸು ಬರುತ್ತಿದ್ದರೆ ತಿರುವಿಗೆ ಇಳಿಯದೆ ಅದಕ್ಕೆ ಮೊದಲೇ, ಮೇಲ್ಗಡೆಯೇ ನಿಂತು ಬಿಡಿ. ಬಸ್ಸಿಗೆ ರಸ್ತೆಯ ಪೂರ್ತಿ ಅಗಲ ಬೇಕು. ನಿಲ್ಲುವಾಗ ಎಡಗಾಲು ಊರುವ ಜಾಗ ಕಣ್ಣಿಗೆ ಬಿದ್ದಿರಲಿ. ಮಳೆಗಾಲದಲ್ಲಿ ಘಟ್ಟದ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ.

ಚೈನ್

ಗಾಡಿಯ ಆರೈಕೆಯಲ್ಲಿ ನೀವೇ ಮಾಡಬೇಕಾದ ಕೆಲಸ ಒಂದಿದ್ದರೆ ಅದು ಇದು. 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದ ದಿನವೇ ಇನ್ನೊಮ್ಮೆ.

ಸವಾರಿ ಮುಗಿಸಿ ಬಂದು ಚೈನ್ ಇನ್ನೂ ಬೆಚ್ಚಗಿರುವಾಗ ಡಬಲ್ ಸ್ಟ್ಯಾಂಡ್ ಹಾಕಿ. ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಹಿಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಗಿಯರಿಗೆ ಹಾಕಿ ಎಂಜಿನ್ನಿನಿಂದ ಚಕ್ರ ತಿರುಗಿಸುತ್ತಾ ಬಟ್ಟೆ ಹಿಡಿಯುವುದು ಬೆರಳು ಕಳೆದುಕೊಳ್ಳುವ ದಾರಿ. ಬಟ್ಟೆಯನ್ನು ಸ್ಪ್ರಾಕೆಟ್ ಎಳೆದುಕೊಳ್ಳುವಾಗ ಕೈ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಮೃದುವಾದ ಬ್ರಷ್‌ಗೆ ಚೈನ್ ಕ್ಲೀನರ್ ಹಾಕಿ ಕೊಂಡಿಗಳ ನಾಲ್ಕೂ ಬದಿ ಉಜ್ಜಿ. ತಂತಿ ಬ್ರಷ್ ಬೇಡ, ಕೊಂಡಿಗಳ ನಡುವಿನ ರಬ್ಬರ್ ಉಂಗುರ ಹರಿಯುತ್ತದೆ. ಕಪ್ಪು ಗಸಿಯೆಲ್ಲ ಇಳಿದ ಮೇಲೆ ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ಚೈನಿನ ಒಳಬದಿಗೆ, ಅಂದರೆ ಸ್ಪ್ರಾಕೆಟ್ಟಿನ ಹಲ್ಲು ತಾಗುವ ಕಡೆಗೆ, ಲ್ಯೂಬ್ (ಚೈನಿಗೆ ಹೊಡೆಯುವ ಜಿಡ್ಡೆಣ್ಣೆ) ತೆಳ್ಳಗೆ ಹೊಡೆಯಿರಿ. ಚಕ್ರ ಸುತ್ತಿದಾಗ ಅದು ತಾನಾಗಿ ಹೊರಕ್ಕೆ ಹರಡುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಹೊರಡಿ. ಹೊಡೆದ ತಕ್ಷಣ ಓಡಿಸಿದರೆ ಅರ್ಧ ಲ್ಯೂಬ್ ಹಿಂದಿನ ಟೈರಿನ ಮೇಲೆ ಇರುತ್ತದೆ.

ಚೈನಿನ ಸಡಿಲವನ್ನು ಒಂದೇ ಕಡೆ ಅಳೆಯಬೇಡಿ. ಚಕ್ರ ತಿರುಗಿಸಿ ನಾಲ್ಕು ಕಡೆ ನೋಡಿ, ಅತಿ ಬಿಗಿಯಾದ ಜಾಗವನ್ನು ಹಿಡಿದು ಕೈಪಿಡಿಯ ಅಳತೆಗೆ ಹೊಂದಿಸಿ.

ಸದ್ದು ಕೇಳಿ ಗಾಡಿಯ ಕಾಯಿಲೆ ಗುರುತಿಸುವ ಪಾಠ ನನಗೆ ಸಿಕ್ಕಿದ್ದು ಮೈಸೂರಿನಲ್ಲಿ. ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದ ಊರು ಅದು. ಕಿಕ್ಕರನ್ನೇ ತಿರುಗಿಸಿ ಗಿಯರ್ ಲಿವರ್ ಮಾಡಿಕೊಳ್ಳುತ್ತಿದ್ದ ಆ ಗಾಡಿಗಳನ್ನು ಮನೆಯ ಮುಂದೆಯೇ ಬಿಚ್ಚಿ ಜೋಡಿಸುತ್ತಿದ್ದವರು ನಮ್ಮ ಬೀದಿಯಲ್ಲಿದ್ದರು. ಗಾಡಿಯ ಪಕ್ಕ ಕೂತು ಸದ್ದು ಕೇಳು, ನಿನ್ನೆ ಇಲ್ಲದ್ದು ಇವತ್ತು ಏನಿದೆ ಎಂದು ಹುಡುಕು ಎನ್ನುತ್ತಿದ್ದರು. ಇಂದಿನ ಗಾಡಿಗೂ ನಾನು ವಾರಕ್ಕೊಮ್ಮೆ ಹಾಗೆಯೇ ಮಾಡುತ್ತೇನೆ: ಹೆಲ್ಮೆಟ್ ಇಲ್ಲದೆ, ನಿಂತಲ್ಲೇ, ಎರಡು ನಿಮಿಷ.

ಸೈಲೆನ್ಸರ್ ಬದಲಿಸಿ ಸದ್ದು ಹೆಚ್ಚಿಸಬೇಡಿ. ಅದು ಕಾನೂನಿಗೆ ವಿರುದ್ಧ. ಆ ಅಬ್ಬರದಲ್ಲಿ ಗಾಡಿಯ ಯಾವ ಕಾಯಿಲೆಯೂ ನಿಮ್ಮ ಕಿವಿಗೆ ಬೀಳುವುದಿಲ್ಲ. ಬೆಳಗಿನ ಜಾವ ಹಳ್ಳಿಯ ಮೂಲಕ ಹಾಗೆ ಹೋಗುವುದು ಮಲಗಿದ ಜನರಿಗೆ ಮಾಡುವ ಅನ್ಯಾಯ.

ದೂರ ಹೊರಡುವಾಗ

ಟ್ಯಾಂಕಿಗೆ 15 ಲೀಟರ್ ಹಿಡಿಯುತ್ತದೆ. ನನಗೆ ಲೀಟರಿಗೆ 32 ಕಿ.ಮೀ. ಆಸುಪಾಸು ಸಿಗುವುದರಿಂದ 350 ಕಿ.ಮೀ.ವರೆಗೆ ನಿಶ್ಚಿಂತೆ. ದೇಹಕ್ಕೆ ಅಷ್ಟು ತಾಳಿಕೆ ಇಲ್ಲ, 80 ಕಿ.ಮೀ.ಗೊಮ್ಮೆ ಇಳಿದು ನಡೆಯಿರಿ. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ. ಹಿಂದೆ ಒಬ್ಬರು ಕೂರುವುದಾದರೆ ಹಿಂದಿನ ಚಕ್ರಕ್ಕೆ ಕೈಪಿಡಿ ಹೇಳಿದಷ್ಟು ಹೆಚ್ಚು ಹಾಕಿಸಿ. ಟೈರ್ ಟ್ಯೂಬ್‌ಲೆಸ್ ಆದ್ದರಿಂದ ಪಂಕ್ಚರ್ ಕಿಟ್ ಮತ್ತು ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಗಾಳಿ ಪಂಪು ಇದ್ದರೆ ಕಾಡಿನ ನಡುವೆಯೂ ಹತ್ತು ನಿಮಿಷದ ಕೆಲಸ. ಸಾಮಾನನ್ನು ಎರಡೂ ಬದಿಗೆ ಸಮತೂಕವಾಗಿ, ತಗ್ಗಿನಲ್ಲಿ ಕಟ್ಟಿ. ಹಿಂದೆ ಎತ್ತರಕ್ಕೆ ಪೇರಿಸಿದ ಚೀಲ ಗಾಳಿಗೆ ಹ್ಯಾಂಡಲ್ಲನ್ನು ಹಗುರ ಮಾಡುತ್ತದೆ. ಐಎಸ್‌ಐ ಗುರುತಿನ, ಗದ್ದ ಮುಚ್ಚುವ ಹೆಲ್ಮೆಟ್ ಇಬ್ಬರಿಗೂ ಇರಲಿ.

ಒಂದು ಅಂಗೈ ಅಗಲದ ಹಲಗೆ ತುಂಡನ್ನು ಚೀಲದಲ್ಲಿ ಇಟ್ಟುಕೊಂಡಿರಿ. ಮಳೆ ನೆನೆದ ಮಣ್ಣಿನಲ್ಲಿ, ಮಧ್ಯಾಹ್ನದ ಬಿಸಿಲಿಗೆ ಕರಗಿದ ಟಾರಿನಲ್ಲಿ ಸೈಡ್ ಸ್ಟ್ಯಾಂಡ್ ಇಂಚಿಂಚೇ ಒಳಗೆ ಹೋಗುತ್ತದೆ. ನೀವು ಒಳಗೆ ಊಟಕ್ಕೆ ಕೂತಿರುವಾಗ ಹೊರಗೆ ಗಾಡಿ ಮಲಗಿರುತ್ತದೆ. ಸ್ಟ್ಯಾಂಡಿನ ಕೆಳಗೆ ಹಲಗೆ ಇಡಿ, ಇಳಿಜಾರಿನಲ್ಲಿ ಮೂತಿಯನ್ನು ಏರಿನ ಕಡೆಗೆ ಮಾಡಿ, ಮೊದಲ ಗಿಯರಿಗೆ ಹಾಕಿ ಇಳಿಯಿರಿ. ಎರಡು ಹೆಜ್ಜೆ ಹೋದ ಮೇಲೆ ಹಿಂದಿರುಗಿ ಒಮ್ಮೆ ಸೀಟನ್ನು ಮೆಲ್ಲಗೆ ಅಲುಗಿಸಿ ನೋಡಿ, ಆಮೇಲೆ ಊಟಕ್ಕೆ ಹೋಗಿ.